ವಾಣಿಶ್ರೀಯ ಹರಕೆ

ಸಮೇತನಹಳ್ಳಿಯ ವಾಣಿಶ್ರೀ ದೂರಶಿಕ್ಷಣದಲ್ಲಿ ಕಾಸ್ಟ್ ಅಕೌಂಟೆನ್ಸಿ ಓದಲು ಕೂತ ಮೇಲೆ ಮನೆಯಲ್ಲಿ ಅವಳಿಗೆ ಸಿಗದ ಪ್ರೋತ್ಸಾಹವೇ ಇರಲಿಲ್ಲ. ಸಿಗದಿದ್ದದ್ದು ಓದಲು ಬಿಡುವು ಮಾತ್ರ. ಗಂಡ ಕೆಂಪರಾಜ್ ಕಂಡವರಿಗೆಲ್ಲ, "ನಮ್ಮನೆಯವಳು ಆಡಿಟರ್ ಆಗ್ತಾವ್ಳೆ ಗುರು," ಎಂದು ಹೇಳಿ, ಅವರನ್ನು ಕಾಫಿಗೆಂದು ಮನೆಗೇ ಕರೆತರುತ್ತಿದ್ದ. ಅತ್ತೆ ಅಮ್ಮಯಮ್ಮನಿಗಂತೂ ಮೊಬೈಲಿನಲ್ಲಿ ಪಾಠ ಹೇಳುವ ಮೇಷ್ಟ್ರ ಮೇಲೆ ಅಪಾರ ಗೌರವ. ಅವರು ಕಾಣಿಸಿಕೊಂಡ ಕೂಡಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಸೊಸೆಗೆ, "ಪಾಪ, ಅವ್ರು ಅಷ್ಟೊತ್ತಿಂದ ಒಬ್ರೇ ಮಾತಾಡ್ತಾವ್ರೆ. ನೀನು ಸುಮ್ನೆ ಕೂತಿದ್ದೀಯಲ್ಲ, ಈ ಅವರೆಕಾಯಾದ್ರೂ ಬಿಡಿಸು," ಎನ್ನುತ್ತಿದ್ದಳು.

ಮೊದಲ ಪರೀಕ್ಷೆಯ ಹಿಂದಿನ ದಿನ ನೆಂಟರೆಲ್ಲ ಹರಸಲು ಬಂದರು. ಹರಸಿದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಾದೀತೆ? ವಾಣಿಶ್ರೀ ಮುದ್ದೆ ಕಟ್ಟಿದಳು, ಕೋಳಿಸಾರು ಮಾಡಿದಳು, ಪುಸ್ತಕ ತೆರೆಯಲಿಲ್ಲ. ಫೇಲಾದಳು. ಅದೇ ನೆಂಟರು ಸಮಾಧಾನ ಹೇಳಲು ಬಂದರು. ಸಮಾಧಾನ ಹೇಳುವುದು ಹರಸುವುದಕ್ಕಿಂತ ನಿಧಾನದ ಕೆಲಸವಾದ್ದರಿಂದ ಎರಡು ಹೊತ್ತೂ ಉಂಡೇ ಹೊರಟರು.

ಮುಂದಿನ ಸಲ ಅವಳು ಪರೀಕ್ಷೆಯ ಮಾತೇ ಎತ್ತಲಿಲ್ಲ.

"ಅತ್ತೆ, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿದ್ದೀನಿ. ಒಂದು ತಿಂಗಳು ಸಂಜೆ ಹೊತ್ತು ಬಾಗಿಲು ಹಾಕ್ಕೊಂಡು ಧ್ಯಾನ ಮಾಡ್ಬೇಕು. ಆಮೇಲೆ ಒಂದು ವಾರ ದಿನಾ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬರ್ಬೇಕು."

ಓದಲು ಅರ್ಧ ಗಂಟೆ ಬಿಟ್ಟುಕೊಡದಿದ್ದ ಅಮ್ಮಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಹೋಗ್ಬಾ ತಾಯಿ, ಅಡುಗೆ ನಾನ್ ನೋಡ್ಕೊತೀನಿ." ಸೊಸೆಯ ಧ್ಯಾನ ಕೆಡಬಾರದೆಂದು ಮಗನ ಗೆಳೆಯರನ್ನೂ ಬಾಗಿಲಲ್ಲೇ ಗದರಿ ಅಟ್ಟಿದಳು.

ತಿಂಗಳು ಕಳೆದ ಮೇಲೆ ಆ ಒಂದು ವಾರ ವಾಣಿಶ್ರೀ ದಿನವೂ ಬೆಂಗಳೂರಿನ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಬರುವಾಗ ಅಂಗಡಿಯ ಕಲ್ಲುಸಕ್ಕರೆಯನ್ನೇ ಪ್ರಸಾದವೆಂದು ತಂದಳು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಾಗ ವಾಣಿಶ್ರೀ ನೋಡಲಾರದೆ ಒಳಗೆ ಹೋದಳು. ಆದರೂ ಮಾರನೆಯ ದಿನ ಬಸ್ಸು ಹತ್ತಿದಳು.

ಫಲಿತಾಂಶ ಬಂದಾಗ ಪಾಸಾಗಿದ್ದಳು. ಅತ್ತೆಯ ಕಾಲಿಗೆ ಬಿದ್ದು ನಿಜ ಹೇಳಿಬಿಟ್ಟಳು.

ಅಮ್ಮಯಮ್ಮ ಹೌಹಾರಿದಳು. "ದೇವರ ಹೆಸರಲ್ಲಿ ಸುಳ್ಳೇಳಿದ್ಯಾ?" ಎಂದವಳು, ದೇವರ ಪಟಕ್ಕೆ ಕೈಮುಗಿದು, "ಸಿಟ್ಟು ಬಂದಿದ್ರೆ ಸ್ವಾಮಿ ಪಾಸ್ ಮಾಡ್ಸ್ತಿದ್ನಾ? ಬಿಡು, ಅವನೂ ಒಪ್ಕೊಂಡವ್ನೆ. ನೆಂಟರಿಗೆ ಮಾತ್ರ ಹೇಳ್ಬೇಡ," ಎಂದಳು.

ಹೊಸಕೋಟೆಯ ಆಡಿಟರೊಬ್ಬರ ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಸಂತೋಷ ತಡೆಯಲಾರದೆ ಕೆಂಪರಾಜ್ ಬಸ್‌ಸ್ಟಾಪಿನಲ್ಲಿ ಪಾಸಾದದ್ದಕ್ಕೆ ಅಭಿನಂದನೆಯ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ನಡುವೆ ಕೈಮುಗಿದ ಕೆಂಪರಾಜ್, ಸುತ್ತ ಅವನ ಗೆಳೆಯರು, ಎಲ್ಲರ ಕಣ್ಣಿಗೂ ತಂಪು ಕನ್ನಡಕ. ಕೆಳಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ವಾಣಿಶ್ರೀ.

ಮೊದಲ ದಿನ ಕೆಲಸಕ್ಕೆ ಹೊರಟು ಅವಳು ಅದರಡಿಯೇ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿದ್ದ ಮುದುಕನೊಬ್ಬ ತಲೆಯೆತ್ತಿ ನೋಡಿ ಕೇಳಿದ:

"ಯಾರಮ್ಮಾ ಪಾಸಾಗಿರೋದು?"

"ಆ ನಡುವೆ ಇರೋರ ಹೆಂಡ್ತಿ ತಾತ," ಎಂದು ವಾಣಿಶ್ರೀ ಬಸ್ಸು ಹತ್ತಿದಳು.