ಹನ್ನೊಂದು ನಿಮಿಷದ ಅಳು

ಐದು ವರ್ಷದ ಹಿಂದಿನ ಮಾತು. ಬೆಂಗಳೂರಿನಲ್ಲಿ ಚಿತ್ರ ಸಂಕಲನಕಾರ್ತಿಯಾಗಿ ಅದು ನನ್ನ ಹದಿನೆಂಟನೆಯ ವರ್ಷ. ಚಿತ್ರೀಕರಿಸಿ ತಂದ ತುಣುಕುಗಳನ್ನು ಆಯ್ದು, ಕತ್ತರಿಸಿ, ಜೋಡಿಸುವುದು ನನ್ನ ಕೆಲಸ. ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಕಿವಿಗೆ ಹೆಡ್‌ಫೋನ್. ಮದುವೆ ಮುರಿದುಕೊಂಡು ಒಬ್ಬಳೇ ಇದ್ದ ನನಗೆ ಆ ಕೋಣೆ ಒಗ್ಗಿತ್ತು. ಅಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ನಾನು ಬಸವಕಲ್ಯಾಣದವಳೆಂದು ತಿಳಿದು ಒಬ್ಬ ಯುವ ನಿರ್ದೇಶಕ ನನ್ನನ್ನು ಹುಡುಕಿಕೊಂಡು ಬಂದರು. ಅವರ ಚಿತ್ರದ ಚಿತ್ರೀಕರಣವೆಲ್ಲ ನಮ್ಮ ಕಡೆಯೇ ನಡೆದಿತ್ತು. ಅದು ಪೋಸ್ಟ್‌ಮಾಡರ್ನ್ ಸಿನಿಮಾ ಎಂದರು. ಅವರು ವಿವರಿಸಿದ ಪ್ರಕಾರ ಅಂಥ ಚಿತ್ರದಲ್ಲಿ ಕಾಲ ಹಿಂದುಮುಂದಾಗುತ್ತದೆ, ಹಳೆಯ ಚಿತ್ರಗಳ ಶೈಲಿಗಳನ್ನು ಎರವಲು ತಂದು ಬೆರೆಸುತ್ತಾರೆ, ತೆರೆಯ ಮೇಲಿನದು ನಿಜವಲ್ಲ ಎಂದು ಪ್ರೇಕ್ಷಕನಿಗೆ ಆಗಾಗ ನೆನಪಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬಲ್ಲವರ ಕೈಯಲ್ಲಿ ಇದು ಬಹಳ ಹೇಳಬಲ್ಲದು. ನಮ್ಮ ಕೈಯಲ್ಲಿ ಮಾತ್ರ ಕಲ್ಯಾಣದ ಕೋಟೆ ನೇರಳೆ ಬಣ್ಣಕ್ಕೆ ತಿರುಗಿತು, ಮನ್ನಾಏಖೇಳ್ಳಿಯ ಹೆದ್ದಾರಿಯಲ್ಲಿ ಬಸ್ಸೊಂದು ಹಿಮ್ಮುಖವಾಗಿ ಓಡಿತು, ಯಾಕೆ ಎಂದು ಕೇಳಿದವರಿಗೆ ನಾವು ಮುಗುಳ್ನಕ್ಕೆವು.

ಚಿತ್ರದಲ್ಲಿ ಹೆಣದ ಮುಂದೆ ಕೂತು ಅಳುವ ಹೆಂಗಸಿನ ದೃಶ್ಯವೊಂದಿತ್ತು. ಅದಕ್ಕೆ ದುಬಲಗುಂಡಿಯ ಕುರಿ ಕಾಯುವ ಮನೆತನದ ಬೀರವ್ವ ಎಂಬವರನ್ನು ಕರೆಸಿ, ಮೋರಖಂಡಿಯ ಹೊಲವೊಂದರಲ್ಲಿ ಕೂರಿಸಿ, ನಿಮಗೆ ತಿಳಿದಂತೆ ಅಳಿ ಎಂದಿದ್ದರಂತೆ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಒಂದೊಂದು ಗುಣವನ್ನೂ ಎತ್ತಿ ಹೇಳಿಕೊಂಡು, ರಾಗ ಮಾಡಿ ಅಳುತ್ತಾರೆ. ಬೀರವ್ವ ಹನ್ನೊಂದು ನಿಮಿಷ ಅತ್ತಿದ್ದರು. ಕಾಲು ಮುರಿದ ಕುರಿಮರಿಯನ್ನು ಸತ್ತಾತ ಹೆಗಲ ಮೇಲೆ ಹೊತ್ತು ತಂದದ್ದು, ರೊಟ್ಟಿಯಲ್ಲಿ ಅರ್ಧ ಮುರಿದು ನಾಯಿಗೆ ಹಾಕುತ್ತಿದ್ದದ್ದು, ಜ್ವರದಲ್ಲಿ ಈಕೆಯ ಕಾಲು ಒತ್ತಿದ್ದು. ಒಂಬತ್ತನೆಯ ನಿಮಿಷದಲ್ಲಿ "ಮಾಳಪ್ಪಾ" ಎಂದು ಒಮ್ಮೆ ಕೂಗಿದ್ದರು. ಆ ಮೇಲೆ ಮಾತಿರಲಿಲ್ಲ, ಉಸಿರಷ್ಟೇ ಇತ್ತು.

ಎರಡು ತಿಂಗಳು ನಾನು ದಿನವೂ ಆ ಧ್ವನಿ ಕೇಳಿದೆ. ಆಗ ನನ್ನೊಡನೆ ಅಷ್ಟು ಮಾತಾಡಿದ ಇನ್ನೊಂದು ಜೀವ ಇರಲಿಲ್ಲ. ಆಕೆಗೋ ನಾನು ಯಾರೆಂದೇ ಗೊತ್ತಿರಲಿಲ್ಲ.

"ಸತ್ತವನಿಗೆ ಹೆಸರು ಇರಬಾರದು ಮೇಡಂ. ಅವನು ಒಂದು ಖಾಲಿ ಜಾಗ, ಚಿತ್ರದ ಐಡಿಯಾನೇ ಅದು," ಎಂದರು ನಿರ್ದೇಶಕರು.

ನಾನು ವಾದಿಸಲಿಲ್ಲ. ಹನ್ನೊಂದು ನಿಮಿಷವನ್ನು ಐವತ್ತು ಸೆಕೆಂಡಿಗೆ ಇಳಿಸಿ, ಮೂವತ್ತನಾಲ್ಕು ತುಂಡು ಮಾಡಿದೆ. ನಡುವಿನ ಚಲನೆಯನ್ನು ಹಾರಿಸಿ ಜೋಡಿಸುವುದಕ್ಕೆ ಜಂಪ್ ಕಟ್ ಎನ್ನುತ್ತಾರೆ. ಮುಖ ಬೆಚ್ಚಿ ಬೆಚ್ಚಿ ಬೀಳುವಂತೆ ಕಾಣುತ್ತದೆ. ಕೆಂಪು ಬಣ್ಣ ಹಾಕಿ, ಅಳುವಿನ ಮೇಲೆ ಯಂತ್ರಸಂಗೀತ ಕೂರಿಸಿದೆ. ಹೆಸರಿದ್ದ ಎರಡು ಸೆಕೆಂಡನ್ನು ತೆಗೆದೆ. ನಿಜ ಹೇಳುತ್ತೇನೆ, ನನಗೆ ಬಹಳ ಹೆಮ್ಮೆಯಾಗಿತ್ತು. ನೋಡಿದ ನಾಲ್ಕು ಜನ ಹೊಗಳಿದ್ದೂ ಆ ಐವತ್ತು ಸೆಕೆಂಡನ್ನೇ.

ಮರುವರ್ಷ ಹುಮನಾಬಾದಿನ ಒಂದು ಮಂಗಲ ಕಾರ್ಯಾಲಯದ ಮದುವೆ ಹಾಲಿನಲ್ಲಿ ಊರವರಿಗಾಗಿ ಚಿತ್ರ ತೋರಿಸಿದರು. ನಾನೂ ಹೋಗಿದ್ದೆ. ಮುಗಿದ ಮೇಲೆ ನಿರ್ದೇಶಕರ ಸುತ್ತ ಜನ ಸೆಲ್ಫಿಗೆ ಮುತ್ತಿದರು. ದುಬಲಗುಂಡಿಯಿಂದ ಬಸ್ಸಿನಲ್ಲಿ ಬಂದಿದ್ದ ಬೀರವ್ವ ಗೋಡೆಯ ಪಕ್ಕ ನಿಂತಿದ್ದರು. ಕತ್ತರಿಸುವ ಕೆಲಸ ನನ್ನದೆಂದು ಯಾರೋ ತೋರಿಸಿಕೊಟ್ಟಿರಬೇಕು, ನೇರವಾಗಿ ನನ್ನ ಬಳಿಗೆ ಬಂದರು.

"ಅಕ್ಕೋರ, ಪಿಚ್ಚರ್ ಛಂದ ಅದರಿ. ಖರೆ ನಾ ಹೆಸರು ತಗೊಂಡಿದ್ದೆ ನೋಡ್ರಿ, ಅದೆಲ್ಲಿ ಹೋಯ್ತು?"

"ಯಾರ ಹೆಸರು ಅವ್ವ?"

"ನಮ್ಮನಿಯವರದು."

ಅಂದರೆ ತೀರಿಹೋದ ಗಂಡನದು. ನಮ್ಮ ಕಡೆ ಹಳಬರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನನ್ನ ತಾಯಿ ಅಪ್ಪನ ಹೆಸರು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಬೆಂಗಳೂರಿನ ನಿರ್ದೇಶಕರಿಗೆ ಇದು ಗೊತ್ತಿಲ್ಲದಿರಬಹುದು. ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ, ಅದು ಮಗನದೋ ತಮ್ಮನದೋ ಹೆಸರಿರಬೇಕೆಂದುಕೊಂಡು, ಆಕೆಯನ್ನು ಕೇಳದೆ ಕತ್ತರಿ ಆಡಿಸಿದ್ದೆ.

"ಮೂವತ್ತು ವರ್ಷ ಬಾಳೇವ್ ಮಾಡಿದೆ, ಒಮ್ಮೀನೂ ತಗೊಂಡಿರಲಿಲ್ರಿ," ಎಂದರು ಬೀರವ್ವ. "ನಮಗ ಮಕ್ಕಳಿಲ್ಲ. ಅವರದೊಂದು ಫೋಟೋ ಸುದ್ದಾ ಇಲ್ಲ. ಪಿಚ್ಚರ್‌ದಾಗರೆ ಹೆಸರು ಇರ್ತದ ಅಂತ ಧೈರ್ಯ ಮಾಡಿ ಅಂದಿದ್ದೆ."

ಹುಡುಕಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟೆ. ಬೆಂಗಳೂರಿಗೆ ಹೋದವಳೇ ನಿರ್ಮಾಪಕರಿಗೆ ಫೋನ್ ಮಾಡಿದೆ. ಮೂಲ ತುಣುಕುಗಳಿದ್ದ ಹಾರ್ಡ್ ಡಿಸ್ಕ್‌ಗಳನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸಿಯಾಗಿತ್ತು. ನನ್ನ ಪ್ರತಿಯಲ್ಲಿ, ಜಾಗ ಉಳಿಸಲೆಂದು ನಾನೇ, ಚಿತ್ರಕ್ಕೆ ಬಳಸಿದ ತುಣುಕುಗಳನ್ನಷ್ಟೇ ಇಟ್ಟುಕೊಂಡಿದ್ದೆ. ಅಳಿಸಿದ್ದನ್ನು ಮರಳಿ ತೆಗೆಯುವವರ ಅಂಗಡಿಗೂ ಹೋದೆ. ಮೂರು ವಾರ ಕಾದು ಬರಿಗೈಯಲ್ಲಿ ಬಂದೆ.

ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ದುಬಲಗುಂಡಿಗೆ ಹೋದೆ. ಬೀರವ್ವ ಹಟ್ಟಿಯ ಕಸ ಗುಡಿಸುತ್ತಿದ್ದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಹೊಸ ರೆಕಾರ್ಡರ್ ಒಯ್ದಿದ್ದೆ. ಇನ್ನೊಮ್ಮೆ ಹೇಳಿ ಅವ್ವ, ಜೋಪಾನವಾಗಿ ಇಡುತ್ತೇನೆ ಎಂದು ಬೇಡಿಕೊಂಡೆ.

"ಇಲ್ಲರಿ. ಆವತ್ತು ಬಂತು, ಅಂದೆ. ಈಗ ಬಾಯಿ ಬರಂಗಿಲ್ಲ," ಎಂದು ಮತ್ತೆರಡು ಸಲ ಪೊರಕೆ ಆಡಿಸಿ ಕೇಳಿದರು: "ನೀವು ಕೇಳೀರಲ್ಲ?"

"ಕೇಳೀನಿ."

"ಹಂಗಾರ ನೀವೇ ಒಮ್ಮೆ ಅನ್ರಿ. ನಾ ಹ್ಯಾಂಗ ಅಂದಿದ್ದೆ, ಹಂಗ."

ನಾನು ಆ ಹೆಸರನ್ನು ಕೂಗಿದೆ, ಆಕೆಯ ರಾಗದಲ್ಲೇ. ಬೀರವ್ವ ಪೊರಕೆ ಕೆಳಗಿಟ್ಟು, ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡ ಹಟ್ಟಿಯೊಳಗೆ ಬಂದಾಗ ದಾರಿ ಬಿಡುವವರಂತೆ ಒಂದು ಪಕ್ಕಕ್ಕೆ ಸರಿದು ನಿಂತರು.

ಈಗ ಯಾರದೇ ಮಾತು ಕತ್ತರಿಸುವ ಮೊದಲು, ಅದು ನಿಮಗೆ ಏನು ಎಂದು ಆಡಿದವರನ್ನೇ ಕೇಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ನಿರ್ದೇಶಕರು ಸಿಡುಕುತ್ತಾರೆ, ಸಿಡುಕಲಿ. ಬೀರವ್ವ ಹೋದ ವರ್ಷ ತೀರಿಕೊಂಡರು. ಆಕೆ ಗಂಡನನ್ನು ಹೆಸರು ಹಿಡಿದು ಕರೆದ ದನಿ ಈಗ ನನ್ನೊಬ್ಬಳ ಕಿವಿಯಲ್ಲಿದೆ, ಅದನ್ನು ಯಾರಿಗೂ ಕೇಳಿಸಲು ನನಗೆ ಬರುವುದಿಲ್ಲ.