ವಿಶ್ವರಾಧ್ಯ ಸಾಹುಕಾರರ ಡಬ್ಬಿ
ಶಹಾಪುರದ ಹತ್ತಿ ಅಡತಿ ಅಂಗಡಿಯ ವಿಶ್ವರಾಧ್ಯ ಸಾಹುಕಾರರು ಕೂತದ್ದನ್ನು ಅವರ ಕುರ್ಚಿಯೂ ನೋಡಿಲ್ಲ. ಅವರ ಹಳೆಯ ಫೋನಿನ ತಂತಿ ಸತ್ತುಹೋಗಿತ್ತು. ಅದೇ ನಂಬರನ್ನು ವೈಫೈ ಮೇಲೆ ಓಡಿಸುವ ಅಂಗೈಯಗಲದ ಡಬ್ಬಿಯೊಂದನ್ನು ಜೋಡಿಸಲು ನಾನು ಹೋಗಿದ್ದೆ. ಡಬ್ಬಿಯ ದೀಪ ಕೆಂಪಗಾದರೆ "ಸಿಟ್ಟಿಗೆದ್ದದೇನ್ರಿ?" ಎನ್ನುವರು, ಮಿನುಗಿದರೆ "ಕಣ್ಣು ಹೊಡಿಲಿಕತ್ತದಲ್ರಿ!" ಎನ್ನುವರು. ಇನ್ನೇನು ಹಸಿರಾಗಬೇಕು, ಅಷ್ಟರಲ್ಲಿ "ಜರಾ ದಮ್ ತಗೋಲಿ ಬಿಡ್ರಿ" ಎಂದು ಸ್ವಿಚ್ಚೇ ಆರಿಸುವರು. ನನ್ನ ಕೆಲಸ ಮತ್ತೆ ಮೊದಲಿನಿಂದ ಶುರು. ಡಬ್ಬಿ ಕಪಾಟಿನಿಂದ ಕಿಟಕಿಗೆ, ಕಿಟಕಿಯಿಂದ ದೇವರ ಜಗಲಿಗೆ ತಿರುಗಿ ವಿಭೂತಿಯನ್ನೂ ಹಚ್ಚಿಸಿಕೊಂಡಿತು. ರಿಸೀವರಿನೊಳಗಿನ ಧ್ವನಿಮುದ್ರಿತ ಹೆಣ್ಣುದನಿ ಇಂಗ್ಲಿಷಿನಲ್ಲಿ ಯಾವುದೋ ನಂಬರು ಒತ್ತಲು ಹೇಳಿದರೆ, "ಹೌದ್ರಿ ಅಕ್ಕಾರ, ಸ್ವಲ್ಪ ಜಲ್ದಿ ಮಾಡ್ರಿ" ಎಂದು ಆಕೆಯನ್ನೇ ಅವಸರಪಡಿಸುವರು. ನನಗೆ ರೇಗಿಹೋಯಿತು. "ಕಿಸ್ಯಾಗ ಮೊಬೈಲ್ ಅದಲ್ರಿ, ಇದ್ಯಾಕ ಬೇಕ್ರಿ?" ಎಂದೆ. ಬಾಗಿಲಿಗೂ ಡಬ್ಬಿಗೂ ನಡುವೆ ಅಡ್ಡಾಡುತ್ತಲೇ ಹೇಳಿದರು: "ಹುಣಸಗ್ಯಾಗ ನನ್ನ ತಂಗಿ ಚಂದಮ್ಮ ಇದ್ದಾಳ್ರಿ. ಲಕ್ವಾ ಹೊಡದ ಮ್ಯಾಲ ಆಕಿಗೆ ಮಾತು ಬರಂಗಿಲ್ಲ. ಆದರ ಬೆರಳಿಗೆ ಇದೊಂದು ನಂಬರ್ ನೆನಪದರಿ, ದಿನಾ ಸಂಜಿಗೆ ಒತ್ತತಾಳ." ಸಂಜೆ ದೀಪ ಹಚ್ಚುವ ಹೊತ್ತಿಗೆ ಡಬ್ಬಿ ಹಸಿರಾಯಿತು, ತುಸು ಹೊತ್ತಿಗೇ ಫೋನು ಹೊಡೆದುಕೊಂಡಿತು. ನಾನು ಎತ್ತಲು ಕೈ ಚಾಚಿದೆ. ಸಾಹುಕಾರರು ಓಡಿಬಂದು ನನ್ನ ಮಣಿಕಟ್ಟು ಹಿಡಿದರು: "ಎತ್ತಬ್ಯಾಡ್ರಿ!" ಎರಡು ಸಲ ರಿಂಗಾಗಿ ಫೋನು ಸುಮ್ಮನಾಯಿತು. "ಎರಡು ರಿಂಗ್ ಕೊಟ್ಟು ಇಟ್ಟಾಳ. ಅರಾಮದಾಳ್ರಿ," ಎಂದರು ವಿಶ್ವರಾಧ್ಯರು, ಮತ್ತು ಕುರ್ಚಿ ಎಳೆದುಕೊಂಡು ಕೂತರು.