ಹಾರ್ಡ್ ಡಿಸ್ಕಿಗೊಂದು ಕರೆಂಟಿನ ಪೆಟ್ಟಿಗೆ

ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್‌ಗಳಿಗೆ ಸೆರಗು, ಅಂಚು, ಬುಟ್ಟಾಗಳ ಡಿಸೈನನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ನನ್ನ ಕೆಲಸ. ವರ್ಷಗಳಿಂದ ಕೂಡಿಟ್ಟ ಡಿಸೈನುಗಳು, ಹಳೇ ಸೀರೆಗಳ ಸ್ಕ್ಯಾನುಗಳು ಎಲ್ಲ ಇರುವುದು ಇಟ್ಟಿಗೆಯಂಥ ಎರಡು ಹಾರ್ಡ್ ಡಿಸ್ಕಿನಲ್ಲಿ. ಒಂದು ಮನೆಯ ಬೀರುವಿನಲ್ಲಿರುತ್ತದೆ. ಇನ್ನೊಂದು ನನ್ನ ಸ್ಕೂಟರಿನಲ್ಲಿ ಶೆಡ್ಡಿಂದ ಶೆಡ್ಡಿಗೆ ಓಡಾಡುತ್ತದೆ. ಮಾಲೀಕರು ನೋಡಿ, "ಈ ಹಂಸದ ಕತ್ತು ಒಂಚೂರು ಬಾಗ್ಸಮ್ಮ" ಅಂದರೆ ಅಲ್ಲೇ ಕೂತು ತಿದ್ದಿಕೊಡುತ್ತೇನೆ.

ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಆ ದಪ್ಪ ಡಿಸ್ಕಿಗೆ ಇಲ್ಲ, ಅದಕ್ಕೆ ಗೋಡೆಯ ಪ್ಲಗ್ಗೇ ಗತಿ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹಿಂದಿನ ಶೆಡ್ಡಿನಲ್ಲಿ ಹೊಸ ಸೆರಗೊಂದನ್ನು ಸೇವ್ ಮಾಡುತ್ತಿದ್ದೆ. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಡಿಸ್ಕು ಟಿಕ್ ಟಿಕ್ ಅಂದು ಸುಮ್ಮನಾಯಿತು. ಮತ್ತೆ ಹಚ್ಚಿದಾಗ ಸೆರಗಿನ ಫೈಲು ತೆರೆಯಲೇ ಇಲ್ಲ. ನಾಲ್ಕು ದಿನದ ಕೆಲಸ, ಇನ್ನೂ ಮನೆಯ ಡಿಸ್ಕಿಗೆ ನಕಲಾಗಿರಲಿಲ್ಲ.

"ಗ್ರಾಫ್ ಹಾಳೇಲಿ ಬರೀತಿದ್ದ ಕಾಲಾನೇ ಚೆನ್ನಾಗಿತ್ತು ಬಿಡಮ್ಮ, ಹಾಳೆ ಕರೆಂಟ್ ಕೇಳ್ತಿರ್ಲಿಲ್ಲ" ಎಂದರು ಮಾಲೀಕರು. ನೇಯುವವರೆಲ್ಲ ನಕ್ಕರು. ನಾನೂ ನಕ್ಕೆ. ಸ್ಕೂಟರ್ ಹತ್ತಿದ ಮೇಲೆ ಕಣ್ಣು ಉರಿಯತೊಡಗಿತು.

ಯುಪಿಎಸ್ಸನ್ನು ಸ್ಕೂಟರಿನಲ್ಲಿ ಹೊತ್ತು ತಿರುಗಲಾಗುವುದಿಲ್ಲ. ಡಿಸ್ಕಿಗೆ ಬೇಕಾದದ್ದು ಹನ್ನೆರಡು ವೋಲ್ಟು, ಅಷ್ಟೇ ತಾನೆ, ನಾನೇ ಮಾಡುತ್ತೇನೆ ಅಂದುಕೊಂಡೆ. ಬೆಂಗಳೂರಿಗೆ ಹೋಗಿ ಚಿಕ್ಕ ಲಿಥಿಯಂ ಬ್ಯಾಟರಿ ತಂದೆ. ಬ್ಯಾಟರಿಯ ವೋಲ್ಟೇಜು ತುಂಬಿದಾಗ ಹದಿನಾಲ್ಕರ ಮೇಲೆ, ಇಳಿದಾಗ ಹನ್ನೊಂದರ ಕೆಳಗೆ. ಏರಿದರೂ ಇಳಿದರೂ ಅದನ್ನು ಹನ್ನೆರಡಕ್ಕೇ ನಿಲ್ಲಿಸುವ ಕನ್ವರ್ಟರ್ ಬೋರ್ಡೊಂದನ್ನೂ ತಂದೆ. ವೀಡಿಯೊ ನೋಡಿ ನೋಡಿ ಬೆಸುಗೆ ಹಾಕುವುದು ಕಲಿತೆ. ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಸುಟ್ಟ ಕಲೆ ಈಗಲೂ ಇವೆ.

ಡಿಸೈನು ತುಂಬಿದ ಎರಡು ಡಿಸ್ಕುಗಳನ್ನೂ ಮುಟ್ಟಲು ಧೈರ್ಯವಿರಲಿಲ್ಲ. ಖಾಲಿಯಿದ್ದ ಹಳೆಯದೊಂದನ್ನು ತಂದು ಹಚ್ಚಿದೆ. ದೀಪ ಹತ್ತಿತು. ಟಿಕ್. ಆರಿತು. ಮತ್ತೆ ಹತ್ತಿತು, ಟಿಕ್, ಆರಿತು. ಡಿಜಿಟಲ್ ಮೀಟರ್ ಹಿಡಿದರೆ ಸರಿಯಾಗಿ ಹನ್ನೆರಡು ತೋರಿಸುತ್ತಿತ್ತು. ಬೋರ್ಡು ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಎರಡು ವಾರ ಅದೇ ಟಿಕ್.

ನಮ್ಮ ಮಾವ ಮಗ್ಗದ ಮೋಟಾರುಗಳಿಗೆ ತಂತಿ ಸುತ್ತುತ್ತಲೇ ಕೂದಲು ನರೆಸಿಕೊಂಡವರು. ಕಂಪ್ಯೂಟರಿನ ತಂಟೆಗೆ ಎಂದೂ ಬಂದವರಲ್ಲ. ಅವತ್ತು ಕಾಫಿ ಲೋಟ ಇಡಲು ಅಡುಗೆಮನೆಗೆ ಬಂದವರು ಆ ಸದ್ದು ಕೇಳಿ ನಿಂತರು. ಬಗ್ಗಿ ಡಿಸ್ಕಿಗೆ ಕಿವಿ ಇಟ್ಟರು.

"ಇದ್ರೊಳಗೆ ಮೋಟಾರ್ ಇದೆಯೇನಮ್ಮ?"

"ಇದೆ ಮಾವ. ಒಳಗೆ ತಟ್ಟೆ ತಿರುಗುತ್ತೆ."

"ಹಂಗಾದ್ರೆ ಏಳೋಕೆ ಹೋಗಿ ಬೀಳ್ತಾ ಇದೆ ಕಣಮ್ಮ. ಮೋಟಾರು ಓಡೋವಾಗ ಎಳ್ಯೋ ಕರೆಂಟು ಬೇರೆ, ಏಳೋವಾಗ ಎಳ್ಯೋದು ಬೇರೆ. ಮಗ್ಗ ಸ್ಟಾರ್ಟ್ ಮಾಡ್ದಾಗ ಶೆಡ್ಡಲ್ಲಿ ಬಲ್ಬು ಮಂಕಾಗೋದು ನೋಡಿಲ್ವಾ?"

"ಮೀಟರ್ ಹನ್ನೆರಡೇ ತೋರಿಸ್ತಿದೆಯಲ್ಲ ಮಾವ?"

"ನಿನ್ ಮೀಟರ್ ನಂಬರ್ ಹುಡುಕೋದ್ರೊಳಗೆ ವೋಲ್ಟು ಬಿದ್ದು ಎದ್ದಿರುತ್ತೆ." ಒಳಗೆ ಹೋಗಿ ತಮ್ಮ ಚೀಲದಿಂದ ಮುಳ್ಳಿನ ಮೀಟರ್ ತಂದರು. "ಈಗ ಹಾಕು."

ಹಾಕಿದೆ. ಮುಳ್ಳು ಹನ್ನೆರಡರಿಂದ ಧಸಕ್ಕನೆ ಕುಸಿದು ಮೇಲಕ್ಕೆ ಹಾರಿತು. ಎರಡು ವಾರದಿಂದ ನನ್ನ ಕಣ್ಣು ತಪ್ಪಿಸಿಕೊಂಡಿದ್ದು ಅಲ್ಲಿ ಕುಣಿಯುತ್ತಿತ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಆಮೇಲೆ ಅಡುಗೆಮನೆ ನಮ್ಮಿಬ್ಬರದಾಯಿತು. ಕೂದಲೆಳೆಯಂಥ ನನ್ನ ವೈರುಗಳನ್ನು ಮಾವ ಕಿತ್ತೆಸೆದು ದಪ್ಪನೆಯವನ್ನು ಗಿಡ್ಡಗೆ ಕತ್ತರಿಸಿ ಕೊಟ್ಟರು. ನಾನು ಹೆಚ್ಚು ಆಂಪಿಯರ್ ತಾಳುವ ಬೋರ್ಡು ತಂದೆ, ಏಳುವ ಗಳಿಗೆಗೆ ಆಸರೆಯಾಗಲೆಂದು ಒಂದು ದೊಡ್ಡ ಕೆಪಾಸಿಟರ್ ಸೇರಿಸಿದೆ. ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇರಬೇಕೆಂದು ಮಾವ ಹಟ ಹಿಡಿದರು. ಪ್ಲೈವುಡ್ ಪೆಟ್ಟಿಗೆಗೆ ಗಾಳಿಯ ತೂತು ಕೊರೆದವರೂ ಅವರೇ.

ಹಚ್ಚಿದೆವು. ಮುಳ್ಳು ಒಂಚೂರು ಅಲುಗಿ ನಿಂತಿತು. ಡಿಸ್ಕು ಗುಂಯ್ ಎಂದು ತಿರುಗಿ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಂಡಿತು. "ಆರ್ಸಿ ಹಾಕು" ಎಂದರು ಮಾವ. ಆರಿಸಿ ಹಾಕಿದೆ. "ಇನ್ನೊಂದ್ಸಲ." ಎಷ್ಟು ಸಲವೋ ಲೆಕ್ಕ ತಪ್ಪಿತು. ಬಿಸಿಲಿಗೆ ತಾರಸಿಯ ಮೇಲಿಟ್ಟು ನೋಡಿದೆವು, ಸ್ಕೂಟರಿನಲ್ಲಿ ಕಟ್ಟಿಕೊಂಡು ನೆಲಮಂಗಲದವರೆಗೆ ಹೋಗಿ ಬಂದೆ. ಒಂದು ಸಲವೂ ಬೀಳಲಿಲ್ಲ.

ಬಸ್ ಸ್ಟ್ಯಾಂಡ್ ಹಿಂದಿನ ಶೆಡ್ಡಿಗೆ ಹೋಗುವ ದಿನ "ನಾನೂ ಬರ್ತೀನಿ" ಎಂದು ಮಾವ ಇಸ್ತ್ರಿ ಶರ್ಟು ಹಾಕಿಕೊಂಡು ಹಿಂದೆ ಕೂತರು. ಹೊಸದಾಗಿ ಬರೆದ ಸೆರಗನ್ನು ಮಾಲೀಕರು ಒಪ್ಪಿದರು. ಪ್ಲಗ್ಗಿನ ಕಡೆ ಕೈ ತೋರಿಸಿದರು, ನಾನು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟೆ.

"ಏನಮ್ಮ ಇದು, ಊಟದ ಡಬ್ಬಿನಾ?"

"ಡಿಸ್ಕಿನ ಊಟ" ಎಂದೆ.

ಫೈಲುಗಳು ಡಿಸ್ಕಿಗೆ ಅರ್ಧ ನಕಲಾಗಿದ್ದವು. ಯಾರೋ ಹೇಳಿ ಮಾಡಿಸಿದ ಹಾಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತು ಶೆಡ್ಡು ಮೌನವಾಯಿತು. ಅಷ್ಟು ಹೊತ್ತು ಯಾರಿಗೂ ಕೇಳದಿದ್ದ ಡಿಸ್ಕಿನ ಗುಂಯ್ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ನೇಯುವವರು ಒಬ್ಬೊಬ್ಬರಾಗಿ ಮೇಜಿನ ಸುತ್ತ ಬಂದು ನಿಂತರು. ಪರದೆಯ ಹಸಿರು ಪಟ್ಟಿ ನಿಧಾನವಾಗಿ ಕೊನೆ ಮುಟ್ಟಿತು. ಫೈಲು ತೆರೆದೆ. ಹಂಸಗಳ ಸಾಲು, ಒಂದು ಎಳೆಯೂ ತಪ್ಪಿರಲಿಲ್ಲ.

ಯಾರೂ ನಗಲಿಲ್ಲ. ಮಾಲೀಕರು ಪೆಟ್ಟಿಗೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಎಲ್ಲಿ ತಗೊಂಡ್ರಿ?" ಎಂದರು. ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು. "ತಗೊಂಡಿದ್ದಲ್ಲ ಸ್ವಾಮಿ. ನಮ್ ಸೊಸೆ ಮಾಡಿದ್ದು."

"ಮಾವನೂ ಸೇರಿ ಮಾಡಿದ್ದು" ಎಂದೆ. ಮಾವ ಅದನ್ನು ಕೇಳಿಸಿಕೊಳ್ಳದವರಂತೆ ಶರ್ಟಿನ ಕಾಲರ್ ಸರಿಮಾಡಿಕೊಂಡರು. ಮಾಲೀಕರು ಪೆಟ್ಟಿಗೆಯ ಗಾಳಿಯ ತೂತಿಗೆ ಕಣ್ಣಿಟ್ಟು, "ನಮ್ ಆಫೀಸ್ ಡಿಸ್ಕಿಗೂ ಇಂಥದ್ದೊಂದು ಆಗುತ್ತಾ?" ಎಂದು ಕೇಳಿದರು.

"ಆಗುತ್ತೆ. ಮೊದ್ಲು ಅದು ಏಳೋವಾಗ ಎಷ್ಟು ಎಳೆಯುತ್ತೆ ನೋಡ್ಬೇಕು" ಎಂದೆ, ಹುಟ್ಟಿದಾಗಿನಿಂದ ಅದೇ ಕೆಲಸ ಮಾಡಿಕೊಂಡು ಬಂದವಳ ಹಾಗೆ.